ಬದುವಿನ ಜಾಲಿ ಕಡಿಯುವ ಮುನ್ನ

ಜತ್ತ ತಾಲೂಕಿನ ರೈತ ಬಾಂಧವರೇ, ಮೈಸಾಳ ಏತ ನೀರಾವರಿಯ ನೀರು ಹತ್ತಿರ ಬಂತೆಂದರೆ ದ್ರಾಕ್ಷಿ, ದಾಳಿಂಬೆ ಹಚ್ಚುವ ಅವಸರದಲ್ಲಿ ಬದುವಿನ ಮರಕ್ಕೆ ಮೊದಲು ಕೊಡಲಿ ಬೀಳುವುದುಂಟು. ಜಾಲಿಯ ನೆರಳಿಗೆ ಹಿಂಗಾರಿ ಜೋಳ ಬಡವಾಗುತ್ತದೆಂಬ ದೂರು ಸುಳ್ಳಲ್ಲ. ಅದಕ್ಕೆ ಮದ್ದು ಬಿತ್ತನೆಗೆ ಮೊದಲು ಕೊಂಬೆ ಸವರುವುದು, ಬುಡ ಕಡಿಯುವುದಲ್ಲ.

ನಮ್ಮ ಮಾಡಗ್ಯಾಳ ಕುರಿಗೆ ದೊಡ್ಡ ಹೆಸರಿದೆ. ಹುಲ್ಲು ಒಣಗಿದ ಬೇಸಿಗೆಯಲ್ಲಿ ಕುರಿಗೆ ಜಾಲಿಕಾಯಿಗಿಂತ ಅಗ್ಗದ ಮೇವು ಯಾವುದಿದೆ? 1972ರ ಬರ ಕಂಡ ಹಿರಿಯರನ್ನು ಕೇಳಿರಿ, ಮರದ ಸೊಪ್ಪಿನ ಬೆಲೆ ಅವರಿಗೆ ಗೊತ್ತು.

ಕಡಲೆಯ ಕಾಯಿಕೊರಕ ಹುಳುವನ್ನು ಹೆಕ್ಕುವ ಕಾಜಾಣ, ಗೊರವಂಕಗಳಿಗೂ ಕೂರಲು ಕೊಂಬೆ ಬೇಕು. ಮರ ಕಡಿದವರೇ ಆಮೇಲೆ ಹಕ್ಕಿ ಕೂರಲೆಂದು ಹೊಲದಲ್ಲಿ ಕವೆಗೋಲು ನೆಡುವುದನ್ನು ಕಂಡರೆ ನಗು ಬರುತ್ತದೆ. ಹಕ್ಕಿ ಒಂದಿಷ್ಟು ಜೋಳ ತಿಂದೀತು; ಅದನ್ನು ಕೂಲಿ ಎನ್ನೋಣ. ಬೇವಿದ್ದವರು ಔಷಧಿ ಅಂಗಡಿಗೆ ಓಡುವ ಮೊದಲು ಬೀಜದ ತಿರುಳು 5 ಕಿಲೋ ಕುಟ್ಟಿ, ರಾತ್ರಿ ನೆನೆಸಿ, ಸೋಸಿ, 100 ಲೀಟರ್ ನೀರಿಗೆ ಬೆರೆಸಿ ಸಿಂಪಡಿಸಿರಿ.

ತಾಯಂದಿರೇ, ಬಚ್ಚಲ ನೀರಿಗೆ ಒಂದು ನುಗ್ಗೆ ಹಚ್ಚಿರಿ. ಮಕ್ಕಳ ಕಣ್ಣಿಗೆ ಬೇಕಾದ ಎ ಜೀವಸತ್ವಕ್ಕೆ ಅದರ ಸೊಪ್ಪು ಒಳ್ಳೆಯದು. ಟ್ಯಾಂಕರಿಗೆ ಕೊಡ ಹಿಡಿದು ನಿಲ್ಲುವ ತಿಂಗಳಲ್ಲೂ ಅದು ಚಿಗುರುತ್ತದೆ.