ಹಾಲ್ ಟಿಕೆಟ್ ಕೊಟ್ಟರೆ ಸಾಕೇ, ತಲುಪುವುದು ಹೇಗೆ?

ಸರ್ಕಾರಿ ನೌಕರಿಯ ಪರೀಕ್ಷೆಗಳಲ್ಲಿ ಅಭ್ಯರ್ಥಿಗಳನ್ನು ಮೊದಲು ಸೋಸುವುದು ಪ್ರಿಲಿಮ್ಸ್ ಎಂದು ಕೋಚಿಂಗ್ ಸೆಂಟರ್‌ಗಳಲ್ಲಿ ಹೇಳಿಕೊಡುತ್ತಾರೆ. ನೀಲಗಿರಿ ಜಿಲ್ಲೆಯ ಮಟ್ಟಿಗೆ ಈ ಮಾತು ಸುಳ್ಳು. ಗೂಡಲೂರು, ಪಂದಲೂರು, ಮಸಿನಗುಡಿ ಕಡೆಯ ಹುಡುಗ ಹುಡುಗಿಯರನ್ನು ಅದಕ್ಕೂ ಮೊದಲೇ ಹಾಲ್ ಟಿಕೆಟ್ ಸೋಸಿಬಿಟ್ಟಿರುತ್ತದೆ. ಬಸ್ ನಿಲ್ದಾಣದ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡವರು ತಮ್ಮ ಫೋಟೊ ಸರಿಯಾಗಿ ಬಂದಿದೆಯೇ ಎಂದು ನೋಡುವುದು ಆಮೇಲೆ. ಕಣ್ಣು ಮೊದಲು ಹೋಗುವುದು ಎರಡು ಸಾಲಿಗೆ: ಯಾವ ಊರಿನ ಕೇಂದ್ರ, ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ. ಹಲವರ ಪರೀಕ್ಷೆ ಅಲ್ಲಿಗೇ ಮುಗಿದಿರುತ್ತದೆ.

2025ರ ಮಾರ್ಚ್‌ನಲ್ಲಿ ಏನಾಯಿತು ನೋಡಿ. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗಳ ಎರಡನೇ ಹಂತದ ಪರೀಕ್ಷೆಗೆ ತಮಿಳುನಾಡಿನ ಸಾವಿರಾರು ಅಭ್ಯರ್ಥಿಗಳಿಗೆ ತೆಲಂಗಾಣದಲ್ಲಿ ಕೇಂದ್ರ ಬಿತ್ತು. ಪಕ್ಷಭೇದವಿಲ್ಲದೆ ರಾಜಕಾರಣಿಗಳು ಕೂಗೆಬ್ಬಿಸಿದರು. ರೈಲ್ವೆ ಜಗ್ಗಲಿಲ್ಲ. ಬಡ್ಡಿಗೆ ಸಾಲ ಮಾಡಿಯೋ, ಮನೆಯವರಿಂದ ಇಸಿದುಕೊಂಡೋ ಹುಡುಗರು ಹೊರಟರು. ಅಲ್ಲಿಗೆ ಮುಟ್ಟಿದ ಮೇಲೆ ‘ತಾಂತ್ರಿಕ ಕಾರಣ’ ಎಂದು ಕೆಲವು ಪಾಳಿಗಳ ಪರೀಕ್ಷೆಯನ್ನೇ ಮುಂದೂಡಲಾಯಿತು. ಹೋಗಿಬಂದ ಖರ್ಚಿಗೆ ಯಾರು ಹೊಣೆ ಎಂಬುದಕ್ಕೆ ಹಾಲ್ ಟಿಕೆಟ್ಟಿನಲ್ಲಿ ಒಂದು ಸಾಲೂ ಇರಲಿಲ್ಲ. ಕೇಂದ್ರ ಬದಲಾವಣೆಯ ಕೋರಿಕೆಯನ್ನು ಪರಿಗಣಿಸುವುದಿಲ್ಲ ಎಂಬ ಎಚ್ಚರಿಕೆ ಮಾತ್ರ ಎಂದಿನಂತೆ ಇತ್ತು.

ಈ ಪರೀಕ್ಷೆಗಳಿಗೆ ಇ-ಕಾಲ್ ಲೆಟರ್ ಕೈಗೆ ಸಿಗುವುದು ಪರೀಕ್ಷೆಗೆ ನಾಲ್ಕು ದಿನ ಇರುವಾಗ. ಊರಿನ ಹೆಸರು ಸುಮಾರು ಹತ್ತು ದಿನ ಮೊದಲೇ ತಿಳಿಯುತ್ತದೆ, ನಿಜ. ಹೈದರಾಬಾದಿಗೆ ಹತ್ತು ದಿನದಲ್ಲಿ ರೈಲು ಟಿಕೆಟ್ ಸಿಗುತ್ತದೆಯೇ ಎಂದು ರೈಲ್ವೆಯವರನ್ನೇ ಕೇಳಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಪರೀಕ್ಷೆಗೆ ಹೋಗಲು ಉಚಿತ ರೈಲು ಪಾಸ್ ಇದೆ. ಒಳ್ಳೆಯದೇ. ಆದರೆ ಗೂಡಲೂರಿಗೆ ರೈಲೇ ಇಲ್ಲ. ಜಿಲ್ಲೆಯಲ್ಲಿರುವ ರೈಲೆಂದರೆ ಪ್ರವಾಸಿಗರು ಮುಗಿಬೀಳುವ, ಮೇಟ್ಟುಪಾಳಯದಿಂದ ಊಟಿಗೆ 46 ಕಿ.ಮೀ. ಹತ್ತುವ ಮಲೆ ರೈಲು ಒಂದೇ. ಪಣಿಯ, ಕಾಟ್ಟುನಾಯಕ ಸಮುದಾಯದ ಹುಡುಗನೊಬ್ಬ ಆ ಪಾಸ್ ಬಳಸಬೇಕೆಂದರೆ ಕೈಯಿಂದ ಕಾಸು ಹಾಕಿ ಘಾಟಿ ಇಳಿದು ಕೊಯಮತ್ತೂರಿಗೋ, ಬಂಡೀಪುರ ದಾಟಿ ಮೈಸೂರಿಗೋ, ಹೀಗೆ ದೂರದ ರೈಲು ನಿಲ್ದಾಣಕ್ಕೆ ಹೋಗಬೇಕು. ಇನ್ನೊಂದು ವಿಚಿತ್ರವಿದೆ. ಸಾಮಾನ್ಯ ಅಭ್ಯರ್ಥಿ ಕಟ್ಟುವ 500 ರೂಪಾಯಿ ಶುಲ್ಕದಲ್ಲಿ 400 ವಾಪಸ್ ಬರುವುದು ಮೊದಲ ಹಂತದ ಪರೀಕ್ಷೆಗೆ ಕುಳಿತರೆ ಮಾತ್ರ. ಕೇಂದ್ರ ದೂರವಾಗಿ ಹೋಗಲಾಗದವನ ಹಣವೂ ರೈಲ್ವೆಗೇ.

ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ಇರಲಿ, ರೈಲ್ವೆ ಇರಲಿ, ತಮಿಳುನಾಡಿನೊಳಗೆ ಗುಡ್ಡದವರಿಗೆ ಹತ್ತಿರದ ಕೇಂದ್ರವೆಂದರೆ ಕೊಯಮತ್ತೂರು. ಗೂಡಲೂರಿನಿಂದ ಊಟಿ 50 ಕಿ.ಮೀ., ಅಲ್ಲಿಂದ ಕೊಯಮತ್ತೂರು ಮತ್ತೆ 86. ಬೆಳಗಿನ ಪಾಳಿ ಬಿತ್ತೆಂದರೆ ಹಿಂದಿನ ದಿನವೇ ಹೊರಟು ರಾತ್ರಿ ಲಾಡ್ಜಿನಲ್ಲಿ ಉಳಿಯಬೇಕು. ಹುಡುಗಿಯಾದರೆ ಜೊತೆಗೆ ಅಪ್ಪನೋ ಅಣ್ಣನೋ ಬರಬೇಕು, ಅಂದರೆ ತೋಟದ ಎರಡು ದಿನದ ಕೂಲಿ ಹೋಯಿತು. ಮಸಿನಗುಡಿಯವರಿಗೆ ಊಟಿ ತಲುಪಲು ಕಲ್ಲಟ್ಟಿಯ 36 ಹೇರ್‌ಪಿನ್ ತಿರುವುಗಳನ್ನು ಹತ್ತಬೇಕು. ಗೂಡಲೂರಿಗೆ ಹೋಗುವುದಾದರೆ ಮುದುಮಲೆ ಕಾಡು ದಾಟಬೇಕು. ಆ ಕಾಡಿನಲ್ಲಿ ಕಕ್ಕನಹಳ್ಳ ಮತ್ತು ತೊರಪಳ್ಳಿ ನಡುವೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ದಾರಿ ಬಂದ್. ಆ ನಿಷೇಧ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಆನೆಗಳಿಗೆ ಆ ರಾತ್ರಿಯಾದರೂ ಉಳಿಯಲಿ. ಆದರೆ ಚೆಕ್‌ಪೋಸ್ಟ್ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದು ಸರ್ಕಾರಕ್ಕೆ ಗೊತ್ತು, ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದೂ ಗೊತ್ತು. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವವರು ಯಾರೂ ಇಲ್ಲ.

ತಮಿಳುನಾಡು ಲೋಕಸೇವಾ ಆಯೋಗವನ್ನು ಒಂದು ವಿಷಯದಲ್ಲಿ ಮೆಚ್ಚಬೇಕು. ಗ್ರೂಪ್ 4 ಪರೀಕ್ಷೆಯನ್ನು ಅದು ತಾಲ್ಲೂಕು ಮಟ್ಟದಲ್ಲಿ ನಡೆಸುತ್ತದೆ. ಆದರೆ ಮೇಲಿನ ಹುದ್ದೆಗಳ ಪರೀಕ್ಷೆಗೆ ಪಂದಲೂರಿನವನು ಜಿಲ್ಲಾ ಕೇಂದ್ರಕ್ಕೇ ಹೋಗಬೇಕು. 9.30ರ ಪರೀಕ್ಷೆಗೆ 9 ಗಂಟೆಗೆ ಗೇಟು ಮುಚ್ಚುತ್ತದೆ. ಚೆನ್ನೈಗೂ ಅದೇ 9, ಪಂದಲೂರು ದಾರಿಯ ದೇವಾಲದ ಮಳೆಯಲ್ಲಿ ಮರ ಬಿದ್ದು ನಿಂತ ಬಸ್ಸಿಗೂ ಅದೇ 9. ಗ್ರೂಪ್ 4 ಪರೀಕ್ಷೆ 2022ರಲ್ಲಿ ಜುಲೈ 24ರಂದು, 2025ರಲ್ಲಿ ಜುಲೈ 12ರಂದು ನಡೆಯಿತು. ನೀಲಗಿರಿಯ ಪಶ್ಚಿಮ ಅಂಚಿನಲ್ಲಿ ಜುಲೈ ಅಂದರೆ ಏನೆಂದು ಚೆನ್ನೈಯಲ್ಲಿ ಕುಳಿತು ವೇಳಾಪಟ್ಟಿ ಹಾಕುವವರಿಗೆ ಯಾರಾದರೂ ಹೇಳಬೇಕು.

ಒಂದು ನಿಮಿಷ ತಡವಾಗಿ ಬಂದವನಿಗೆ ಗೇಟು ತೆರೆಯದ ಶಿಸ್ತು ಆಯೋಗಗಳಿಗೂ ಅನ್ವಯಿಸಬೇಕಲ್ಲವೇ? 2023ರ ಫೆಬ್ರುವರಿ 25ರಂದು ಇದೇ ಆಯೋಗದ ಗ್ರೂಪ್ 2 ಮುಖ್ಯ ಪರೀಕ್ಷೆಯಲ್ಲಿ ನೋಂದಣಿ ಸಂಖ್ಯೆಗಳ ಕ್ರಮ ಅದಲು ಬದಲಾಗಿ ಬೆಳಗಿನ ಪರೀಕ್ಷೆ ತಡವಾಗಿ ಶುರುವಾಯಿತು, ಮಧ್ಯಾಹ್ನದ್ದೂ ಮುಂದೆ ಹೋಯಿತು. ನಮ್ಮ ಕೆಪಿಎಸ್‌ಸಿ ಏನೂ ಹಿಂದೆ ಬಿದ್ದಿಲ್ಲ. 2024ರ ಡಿಸೆಂಬರ್ 29ರ ಕೆಎಎಸ್ ಮರುಪರೀಕ್ಷೆಯಲ್ಲಿ ವಿಜಯಪುರದ ಅಭ್ಯರ್ಥಿಗಳು ಹಾಲ್ ಟಿಕೆಟ್ಟಿನ ಸಂಖ್ಯೆಗೂ ಒಎಂಆರ್ ಹಾಳೆಯ ಸಂಖ್ಯೆಗೂ ತಾಳೆಯಾಗದೆ ಬೀದಿಗಿಳಿದರು. ಅಧಿಕಾರಿಯ ತಪ್ಪಾದರೆ ‘ಗೊಂದಲ’, ಅಭ್ಯರ್ಥಿಯ ಬಸ್ಸು ಕೆಟ್ಟರೆ ‘ಅನರ್ಹ’. ಈ ಎರಡು ನ್ಯಾಯ ನಿಲ್ಲಬೇಕು.

ಕೇಂದ್ರವನ್ನು ಅಭ್ಯರ್ಥಿಗಳ ಇಷ್ಟಕ್ಕೆ ಬಿಟ್ಟರೆ ಅಕ್ರಮ ನಡೆಯುತ್ತದೆ ಎಂಬುದು ಆಯೋಗಗಳ ಸಿದ್ಧ ಉತ್ತರ. ಅದಕ್ಕೆ 2019ರ ಸೆಪ್ಟೆಂಬರ್ 1ರ ಗ್ರೂಪ್ 4 ಹಗರಣವನ್ನು ತೋರಿಸುತ್ತಾರೆ. ಬೇರೆ ಜಿಲ್ಲೆಯವರು ರಾಮೇಶ್ವರ, ಕೀಳಕ್ಕರೈ ಕೇಂದ್ರಗಳನ್ನು ಆರಿಸಿಕೊಂಡು ಬರೆದದ್ದು, 99 ಮಂದಿಗೆ ಆಯೋಗ ಆಜೀವ ನಿಷೇಧ ಹೇರಿದ್ದು ಎಲ್ಲವೂ ನಿಜ. ಆದರೆ ಮೋಸ ನಡೆದದ್ದು ಮಾಯವಾಗುವ ಶಾಯಿಯಲ್ಲಿ, ಉತ್ತರ ಪತ್ರಿಕೆ ಚೆನ್ನೈಗೆ ಹೋಗುವ ದಾರಿಯಲ್ಲಿ, ಒಳಗಿನವರ ಕೈವಾಡದಿಂದ. ಅದಕ್ಕೂ ತನ್ನ ತಾಲ್ಲೂಕಿನಲ್ಲೇ ಬರೆಯುತ್ತೇನೆ ಎನ್ನುವ ಗೂಡಲೂರಿನ ಹುಡುಗಿಗೂ ಏನು ಸಂಬಂಧ? ಅಲ್ಲಿ ಸಿಕ್ಕಿಬಿದ್ದವರು ಊರು ಬಿಟ್ಟು ದೂರ ಹೋಗಿ ಬರೆದವರು. ಇವಳು ಕೇಳುತ್ತಿರುವುದು ಊರಿನಲ್ಲೇ ಬರೆಯಲು.

ಭಾಷೆಯ ಮಾತನ್ನೂ ಆಡಿಬಿಡಬೇಕು. 2023ರಲ್ಲಿ ಸಿಆರ್‌ಪಿಎಫ್‌ನ 9,212 ಹುದ್ದೆಗಳಿಗೆ ಹಿಂದಿ, ಇಂಗ್ಲಿಷಿನಲ್ಲಷ್ಟೇ ಪರೀಕ್ಷೆ ಎಂದಾಗ ಗದ್ದಲವಾಯಿತು, ಸ್ಟಾಲಿನ್ ಪತ್ರ ಬರೆದರು, ಏಪ್ರಿಲ್ 15ರಂದು ಗೃಹ ಸಚಿವಾಲಯ ಮಣಿಯಿತು. 2024ರ ಜನವರಿಯಿಂದ ಕೇಂದ್ರ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿದೆ. ಮಸಿನಗುಡಿಯ ಕನ್ನಡಿಗನಿಗೆ ಕನ್ನಡದ ಪ್ರಶ್ನೆಪತ್ರಿಕೆ ಸಿಕ್ಕಿತು, ಕೇಂದ್ರ ಮಾತ್ರ ಘಾಟಿಯ ಕೆಳಗೇ ಉಳಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ನಿಯಮ ಬದಲಿಸಲಾಗದು ಎನ್ನುವವರು 2025ರ ಏಪ್ರಿಲ್ ನೆನಪಿಸಿಕೊಳ್ಳಲಿ. ರೈಲ್ವೆಯ ನರ್ಸಿಂಗ್ ಹುದ್ದೆಯ ಹಾಲ್ ಟಿಕೆಟ್ಟಿನಲ್ಲಿ ಮಂಗಳಸೂತ್ರ, ಜನಿವಾರ ತೆಗೆದು ಬನ್ನಿ ಎಂಬ ಸೂಚನೆ ಇತ್ತು. ಕರ್ನಾಟಕದಲ್ಲಿ ಕೋಲಾಹಲವೆದ್ದಿತು, ಸಚಿವ ವಿ. ಸೋಮಣ್ಣ ನಡುವೆ ಬಂದರು, ಸೂಚನೆ ಕೂಡಲೇ ಹೋಯಿತು. ಜನಿವಾರಕ್ಕೆ ಸಡಿಲವಾದ ಹಾಲ್ ಟಿಕೆಟ್ ಬಸ್ಸಿಲ್ಲದ ಊರಿಗೂ ಸಡಿಲವಾಗಬಹುದು. ದಾರಿ ಖರ್ಚಿಗೂ ಪೂರ್ವನಿದರ್ಶನವಿದೆ. 2024ರಲ್ಲಿ ಗಲಭೆಪೀಡಿತ ಮಣಿಪುರದ ಗುಡ್ಡಗಾಡು ಜಿಲ್ಲೆಗಳಿಂದ ಹೊರರಾಜ್ಯಕ್ಕೆ ಹೋಗಿ ಯುಪಿಎಸ್‌ಸಿ ಬರೆಯುವವರಿಗೆ ದಿನಕ್ಕೆ 3,000 ರೂಪಾಯಿ ಕೊಡುವಂತೆ ದೆಹಲಿ ಹೈಕೋರ್ಟ್ ಹೇಳಿತು. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳು ಹಾಲ್ ಟಿಕೆಟ್ ತೋರಿಸಿ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಹೋಗುತ್ತಾರೆ. ನೌಕರಿಯ ಪರೀಕ್ಷೆಗೂ ಇದನ್ನು ವಿಸ್ತರಿಸಲು ಬೇಕಿರುವುದು ಒಂದು ಸುತ್ತೋಲೆ. ಕಂಪ್ಯೂಟರಿನಲ್ಲಿ ನಡೆಯುವ ಪರೀಕ್ಷೆಗಳಿಗೆ ಗುಡ್ಡದ ಮೇಲೆ ಕೇಂದ್ರ ಮಾಡಲು ಲ್ಯಾಬ್ ಇಲ್ಲ ಎಂಬ ನೆಪವೂ ನಡೆಯದು. ಊಟಿಯಲ್ಲಿ ಸರ್ಕಾರಿ ಕಲಾ ಕಾಲೇಜಿದೆ, ನಮ್ಮ ಮೈಸೂರಿನ ಜೆಎಸ್‌ಎಸ್‌ನ ಫಾರ್ಮಸಿ ಕಾಲೇಜಿದೆ, ಕೇತಿಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ.

2025ರ ಗ್ರೂಪ್ 4ರಲ್ಲಿ 3,935 ಹುದ್ದೆಗೆ ಸುಮಾರು 13.9 ಲಕ್ಷ ಅರ್ಜಿ ಬಂದಿದ್ದವು. ಪರೀಕ್ಷೆಯ ದಿನ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಗೈರು. ಅವರಲ್ಲಿ ಓದಿಲ್ಲವೆಂದು ಬಿಟ್ಟವರೆಷ್ಟು, ತಲುಪಲಾಗದೆ ಬಿಟ್ಟವರೆಷ್ಟು ಎಂದು ಬೇರ್ಪಡಿಸಿ ಹೇಳಿದವರನ್ನು ನಾನು ಕಂಡಿಲ್ಲ. ಗೂಡಲೂರು, ಪಂದಲೂರಿನ ಓದುಗರಲ್ಲಿ ಒಂದು ಕೋರಿಕೆ. ಹಾಲ್ ಟಿಕೆಟ್ ಪಡೆದೂ ಗೈರಾದವರ ತಾಲ್ಲೂಕುವಾರು ಲೆಕ್ಕ ಕೇಳಿ ಆಯೋಗಕ್ಕೆ ಒಂದು, ರೈಲ್ವೆಗೆ ಒಂದು ಆರ್‌ಟಿಐ ಅರ್ಜಿ ಹಾಕಿ. ತಲಾ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಬಂದ ಉತ್ತರವನ್ನು ನೀಲಗಿರಿಯ ಸಂಸದ ಎ. ರಾಜಾ ಅವರ ಕೈಗೆ ಕೊಡಿ, ಲೋಕಸಭೆಯಲ್ಲಿ ಓದಲಿ.