ಹಳೆಯ ಜೀಪಿಗೆ ಹೊಸ ಪ್ಲೇಟು



ವ್ಯಾಕರಣ, ತರ್ಕಗಳನ್ನು ಓದಿಕೊಂಡು ಮಠದ ಪಾಠಶಾಲೆಯಿಂದ ಹೊರಬಂದ ನಮ್ಮಂಥವರಿಗೆ ಗ್ಯಾರೇಜಿನ ಗೊಡವೆ ಏಕೆಂದು ಈ ಸಲದ ಶೀರ್ಷಿಕೆಯನ್ನು ಕಂಡವರು ಕೇಳಬಹುದು. ಕೇಳತಕ್ಕ ಮಾತೇ. ಆದರೆ ಕಳೆದ ಮಳೆಗಾಲದ ಮೊದಲಲ್ಲಿ ಮೂರ್ನಾಡಿನಲ್ಲಿರುವ ನಮ್ಮ ತಂಗಿಯ ಮನೆಯಲ್ಲಿ ಮೂರು ವಾರ ಇದ್ದು, ಅಲ್ಲಿ ಕಣ್ಣಾರೆ ಕಂಡುದನ್ನು ಬರೆಯದೆ ಬಿಡುವುದು ಸರಿಯಲ್ಲವೆಂದು ತೋರಿತು. ಕೊಡಗು, ಹಾಸನ, ಚಿಕ್ಕಮಗಳೂರುಗಳ ತೋಟದ ಮನೆಗಳಲ್ಲಿ ಇಪ್ಪತ್ತು ಮೂವತ್ತು ವರ್ಷದ ಹಳೆಯ ಜೀಪುಗಳು ಇಂದಿಗೂ ಮನೆಯ ಮಂದಿಯಂತೆಯೇ ದುಡಿಯುತ್ತಿವೆ. ಅವುಗಳನ್ನು ನೆಚ್ಚಿ ಏರುವವರು ನಮ್ಮ ಹೆಂಗಸರು, ಮಕ್ಕಳು, ಮುದುಕರು.

ಮೂರ್ನಾಡು ಮಡಿಕೇರಿಗೂ ವಿರಾಜಪೇಟೆಗೂ ನಡುವೆ ಇರುವ ಊರು. ವಿರಾಜಪೇಟೆಯತ್ತ ಹೊರಟರೆ ಬೇತ್ರಿಯಲ್ಲಿ ಕಾವೇರಿಯನ್ನು ದಾಟಬೇಕು. ಮಡಿಕೇರಿಯತ್ತ ಹೊರಟರೆ ಘಟ್ಟವನ್ನೇರಬೇಕು. ಡಾಂಬರು ರಸ್ತೆಯನ್ನು ಬಿಟ್ಟು ತಂಗಿಯ ಮನೆಗೆ ಹೋಗುವ ತೋಟದ ದಾರಿಯಂತೂ ಮಳೆ ನಾಲ್ಕು ದಿನ ಹಿಡಿಯಿತೆಂದರೆ ಹಳ್ಳವೋ ದಾರಿಯೋ ತಿಳಿಯದು. ಮನೆಯ ಜೀಪು ೧೯೯೬ರಲ್ಲಿ ನಮ್ಮ ಭಾವನವರು ಕೊಂಡ ಮಹೀಂದ್ರ. ಭಾವನವರು ಲಿಂಗೈಕ್ಯರಾಗಿ ಒಂಬತ್ತು ವರ್ಷವಾಯಿತು. ಜೀಪನ್ನು ಮಾರುವ ಮಾತೆತ್ತಿದರೆ ತಂಗಿ ಊಟ ಬಿಡುತ್ತಾಳೆ. ಆದುದರಿಂದ ಸೋದರಳಿಯ ಅದನ್ನು ಹೇಗೋ ನಡೆಸಿಕೊಂಡು ಬಂದಿದ್ದಾನೆ.

ಎರಡು ವರ್ಷದ ಹಿಂದೆ ಜೀಪಿನ ಹಿಂಭಾಗ ಎಡಕ್ಕೆ ಕುಸಿದಂತೆ ಕಂಡಿತಂತೆ. ಪೇಟೆಯ ಒಂದು ಗ್ಯಾರೇಜಿಗೆ ಒಯ್ದಾಗ ಅಲ್ಲಿಯವರು ಹಿಂದಿನ ಎರಡೂ ಕಡೆಗೆ ಎರಡೆರಡು ಪ್ಲೇಟುಗಳನ್ನು ಹೆಚ್ಚಿಗೆ ಸೇರಿಸಿ, “ಇನ್ನು ಕಲ್ಲು ಹೇರಿದರೂ ಕುಸಿಯದು” ಎಂದು ಕಳುಹಿಸಿದರು. ಕುಸಿಯಲಿಲ್ಲ, ನಿಜ. ಆದರೆ ನಮ್ಮ ತಂಗಿ ಜೀಪು ಹತ್ತುವುದನ್ನೇ ಬಿಟ್ಟಳು. “ಅಣ್ಣಾ, ಅದರಲ್ಲಿ ಕೂತರೆ ಬೆನ್ನಿನ ಮೂಳೆಗಳನ್ನು ಒಂದೊಂದಾಗಿ ಎಣಿಸಬಹುದು” ಎಂದಳು. ಬೆನ್ನುನೋವಿನ ಚಿಕಿತ್ಸೆಗೆ ಮಡಿಕೇರಿಗೆ ಹೋಗಬೇಕಾದವಳು ಆ ಜೀಪಿನ ಭಯದಿಂದಲೇ ಎರಡು ಸಲ ಹೋಗದೆ ಉಳಿದಿದ್ದಳು.

ನಾವು ಹೋದ ವಾರದಲ್ಲೇ ಒಂದು ಸಂಜೆ ಮಡಿಕೇರಿಯಿಂದ ಹಿಂದಿರುಗುತ್ತಿದ್ದೆವು. ಮುಂದೆ ಅಳಿಯ ಮತ್ತು ನಾವು. ಹಿಂದೆ ತೋಟದ ಆಳುಗಳ ಇಬ್ಬರು ಹೆಂಗಸರು, ಮೂವರು ಮಕ್ಕಳು. ಇಳಿಜಾರಿನ ತಿರುವೊಂದರಲ್ಲಿ ಹಿಂದುಗಡೆ ‘ಟಣ್’ ಎಂಬ ಸದ್ದಾಯಿತು. ಅಲ್ಲಿಂದ ಮುಂದೆ ಸ್ಟೇರಿಂಗನ್ನು ನೇರವಾಗಿ ಹಿಡಿದರೆ ಜೀಪು ಓರೆಯಾಗಿ ನಡೆಯಹತ್ತಿತು. ಅಳಿಯ ಸಾವಧಾನದಿಂದ ನಿಲ್ಲಿಸಿದ. ಇಳಿದು ನೋಡಿದರೆ ಹಿಂದಿನ ಅಚ್ಚು ಎಡಗಡೆಯಲ್ಲಿ ಎರಡು ಬೆರಳಿನಷ್ಟು ಹಿಂದಕ್ಕೆ ಸರಿದಿತ್ತು. ಬಲಗಡೆ ರಸ್ತೆಯಂಚಿನ ಕೆಳಗೆ ಏನಿತ್ತೆಂಬುದನ್ನು ನಾವು ಬರೆಯುವುದಿಲ್ಲ; ಆ ದಾರಿಯಲ್ಲಿ ಓಡಾಡಿದವರು ಬಲ್ಲರು. ಮಕ್ಕಳು ಮಾತ್ರ ನಗುತ್ತಿದ್ದವು.

ಮರುದಿನ ಅಳಿಯನು ತನ್ನ ತಂದೆಯ ಕಾಲದ ಹಳೆಯ ಮೇಸ್ತ್ರಿಯೊಬ್ಬರನ್ನು ಮನೆಗೇ ಕರೆತಂದನು. ಅವರು ಜೀಪಿನಡಿ ಮಲಗಿ, ಪ್ಲೇಟುಗಳ ಕಟ್ಟನ್ನು ಬಿಚ್ಚಿ ಒಂದೊಂದಾಗಿ ಕಣದ ಮೇಲೆ ಹರಡಿದರು. ನಾವು ಕುರ್ಚಿ ಹಾಕಿಕೊಂಡು ಶಿಷ್ಯನಂತೆ ಕುಳಿತೆವು. ಮೇಸ್ತ್ರಿಗಳು ಹೇಳಿದ ಮೊದಲ ಮಾತು ಇದು: “ಗುರುಗಳೇ, ಪ್ಲೇಟು ಭಾರ ಹೊರುವುದಕ್ಕೆ ಮಾತ್ರ ಅಂತ ಎಲ್ಲರೂ ತಿಳ್ಕೊಂಡಿದ್ದಾರೆ. ಅಚ್ಚನ್ನು ಅದರ ಜಾಗದಲ್ಲಿ ಹಿಡ್ಕೊಂಡಿರೋದೂ ಅದೇ.”

ಈ ಒಂದು ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿದೆ ಎನ್ನಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಹುಟ್ಟಿದ ವಿಲ್ಲಿಸ್ ಜೀಪನ್ನು ಮಹೀಂದ್ರ ಸಂಸ್ಥೆ ೧೯೪೦ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಆ ವಂಶದ ಜೀಪುಗಳಲ್ಲಿ ನಾಲ್ಕು ಚಕ್ರಗಳಿಗೂ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಎಲ್ಲಕ್ಕಿಂತ ಉದ್ದವಾದ ಮೈನ್ ಪ್ಲೇಟಿನ ಎರಡು ತುದಿಗಳಲ್ಲಿ ಕಣ್ಣುಗಳಿರುತ್ತವೆ. ಆ ಕಣ್ಣುಗಳ ಮೂಲಕ ಅದು ಚಾಸಿಗೆ ಸೇರುತ್ತದೆ. ನಡುವಿನಲ್ಲಿ ಸೆಂಟರ್ ಬೋಲ್ಟು ಎಲ್ಲ ಪ್ಲೇಟುಗಳನ್ನೂ ಪೋಣಿಸುತ್ತದೆ. ಅದರ ಎರಡು ಬದಿಗಳಲ್ಲಿ ಯು ಬೋಲ್ಟುಗಳು ಕಟ್ಟನ್ನೂ ಅಚ್ಚನ್ನೂ ಬಿಗಿಯಾಗಿ ಅಪ್ಪಿ ಹಿಡಿಯುತ್ತವೆ. ಈ ಅಪ್ಪುಗೆ ಸಡಿಲವಾಯಿತೆಂದರೆ ಬೆರಳು ಗಾತ್ರದ ಸೆಂಟರ್ ಬೋಲ್ಟಿನ ಮೇಲೆ ಇಡೀ ವಾಹನದ ಎಳೆತ ಬೀಳುತ್ತದೆ. ಅದು ತುಂಡಾದರೆ ಅಚ್ಚು ಜಾರುತ್ತದೆ.

ನಮ್ಮ ಜೀಪಿನಲ್ಲಿ ಆದುದೂ ಅದೇ. ಎರಡು ಪ್ಲೇಟು ಸೇರಿಸಿದಾಗ ಕಟ್ಟು ದಪ್ಪವಾಯಿತು. ಯು ಬೋಲ್ಟುಗಳು ಮಾತ್ರ ಹಳೆಯವೇ. ನಟ್ಟು ಎರಡು ಮೂರು ಎಳೆಗಳಷ್ಟನ್ನೇ ಹಿಡಿದು ನಿಂತಿತ್ತು. ತುಕ್ಕು ಹಿಡಿದು ಒಮ್ಮೆ ಜಗ್ಗಿದ ಯು ಬೋಲ್ಟನ್ನು ಮತ್ತೆ ಬಳಸಬಾರದೆಂಬುದು ಕಸಬಿನವರ ನಿಯಮ. ಅದಕ್ಕಿಂತ ಹೊಟ್ಟೆಯುರಿಸಿದ ಸಂಗತಿ ಇನ್ನೊಂದು. ಎಡಗಡೆಯ ಮೂಲ ಕಟ್ಟಿನಲ್ಲಿ ಎರಡನೆಯ ಪ್ಲೇಟು ನಡುವಿನ ತೂತಿನ ಬಳಿ ಬಿರುಕು ಬಿಟ್ಟು ಬಹುಕಾಲವಾಗಿತ್ತು. ಬಿರುಕಿನೊಳಗಿನ ತುಕ್ಕೇ ಅದರ ಸಾಕ್ಷಿ. ಜೀಪು ಎಡಕ್ಕೆ ಕುಸಿದದ್ದು ಆ ಕಾರಣದಿಂದ. ಕಟ್ಟನ್ನು ಬಿಚ್ಚಿ ನೋಡುವ ಒಂದು ಗಂಟೆಯ ಶ್ರಮವನ್ನು ಉಳಿಸಿಕೊಂಡು, ಮುರಿದುದರ ಮೇಲೆ ಹೊಸದನ್ನು ಹೇರಿದ್ದರು.

ಇನ್ನು ಆಯ್ಕೆಯ ಪ್ರಶ್ನೆ. ಬೆಂಗಳೂರಿನಲ್ಲಿರುವ ಅಳಿಯನ ಮಗ ಫೋನಿನಲ್ಲಿ, “ತಾತಾ, ಜೀಪನ್ನು ಮೂರು ಇಂಚು ಎತ್ತರಿಸುವ ಸೆಟ್ ಸಿಗುತ್ತದೆ, ನಾನೇ ಕಳಿಸುತ್ತೇನೆ” ಎಂದ. ಹುಡುಗನ ಅಕ್ಕರೆ ದೊಡ್ಡದು. ಆದರೆ ಎತ್ತರಿಸಿದರೆ ಭಾರದ ಕೇಂದ್ರವೂ ಮೇಲೇರಿ ತಿರುವಿನಲ್ಲಿ ವಾಲುವುದು ಹೆಚ್ಚು. ಹಳೆಯ ಬ್ರೇಕ್ ಪೈಪು, ಪ್ರೊಪೆಲ್ಲರ್ ಶಾಫ್ಟಿನ ಕೋನ, ಶಾಕ್ ಅಬ್ಸಾರ್ಬರಿನ ಉದ್ದ ಇವೆಲ್ಲವೂ ತಮ್ಮ ಅಳತೆ ತಪ್ಪುತ್ತವೆ. ಅಲ್ಲದೆ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ವಾಹನದ ಮೂಲ ರೂಪವನ್ನು ಮನಬಂದಂತೆ ಬದಲಿಸಲು ಒಪ್ಪುವುದಿಲ್ಲ. ಹದಿನೈದು ವರ್ಷ ಮೀರಿದ ಖಾಸಗಿ ವಾಹನವು ಐದೈದು ವರ್ಷಕ್ಕೊಮ್ಮೆ ನೋಂದಣಿಯ ನವೀಕರಣಕ್ಕಾಗಿ ತಪಾಸಣೆಗೆ ನಿಲ್ಲಬೇಕಾದುದೂ ಉಂಟು. ಎಪ್ಪತ್ತರ ಅಂಚಿನಲ್ಲಿರುವ ಬೆನ್ನುನೋವಿನ ಅಜ್ಜಿ ಇನ್ನೂ ಮೂರು ಇಂಚು ಮೇಲೆ ಹೇಗೆ ಹತ್ತಬೇಕೆಂದು ನಾವು ಕೇಳಿದೆವು. ಹುಡುಗ ನಕ್ಕು ಸುಮ್ಮನಾದ.

ಗಟ್ಟಿಯಾದುದೇ ಒಳ್ಳೆಯದೆಂಬ ಭ್ರಮೆ ನಮ್ಮ ಜನರಲ್ಲಿ ಬಲವಾಗಿದೆ. ಇಲ್ಲಿ ಸ್ವಲ್ಪ ಗಣಿತವನ್ನು ಸೈರಿಸಿಕೊಳ್ಳಬೇಕು. ಪ್ಲೇಟಿನ ಬಿಗುವು ಅದರ ದಪ್ಪದ ಘನದಂತೆ ಏರುತ್ತದೆ. ೬ ಮಿಲಿಮೀಟರಿನ ಪ್ಲೇಟಿನ ಜಾಗದಲ್ಲಿ ಅಷ್ಟೇ ಉದ್ದಗಲದ ೭ ಮಿಲಿಮೀಟರಿನದನ್ನು ಇಟ್ಟರೆ, ಕಣ್ಣಿಗೆ ಕಾಣದ ಒಂದು ಮಿಲಿಮೀಟರಿನಿಂದ ಅದರ ಬಿಗುವು ಒಂದೂವರೆ ಪಾಲಿಗೂ ಮಿಕ್ಕುತ್ತದೆ. ಅಂಗಡಿಯಲ್ಲಿ “ಸ್ವಲ್ಪ ದಪ್ಪದ್ದೇ ಕೊಡಿ” ಎಂದು ಕೇಳುವವರು ಇದನ್ನು ನೆನೆಯಬೇಕು. ಬಾಗದ ಪ್ಲೇಟು ಗುಂಡಿಯ ಪೆಟ್ಟನ್ನು ತಾನು ನುಂಗದೆ ಚಾಸಿಗೆ ದಾಟಿಸುತ್ತದೆ. ಚಾಸಿಯಿಂದ ಅದು ಕುಳಿತವರ ಬೆನ್ನಿಗೆ ಬರುತ್ತದೆ. ಖಾಲಿ ಜೀಪಿನ ಚಕ್ರ ನೆಲವನ್ನು ಬಿಟ್ಟು ಕುಪ್ಪಳಿಸುವಾಗ, ಒದ್ದೆ ರಸ್ತೆಯಲ್ಲಿ ಬ್ರೇಕಿಗೆ ಹಿಡಿತವೆಲ್ಲಿ?

ಅಳಿಯನ ಸಮಾಧಾನ ಬೇರೆಯಿತ್ತು: “ಮಾವಾ, ಕಾಫಿ ಕುಯ್ಲಿನಲ್ಲಿ ಮೂಟೆ ಹೇರಬೇಕಲ್ಲ?” ಲೆಕ್ಕ ಹಾಕಿದೆವು. ಐವತ್ತು ಕಿಲೋದ ಹತ್ತು ಮೂಟೆ ಎಂದರೆ ಐನೂರು ಕಿಲೋ. ಅದು ಪುಷ್ಯ ಮಾಘಗಳ ಮಾತು. ಉಳಿದ ಹತ್ತು ತಿಂಗಳು ಜೀಪಿನಲ್ಲಿ ಹೋಗುವುದು ಮನುಷ್ಯರು. ಎರಡು ತಿಂಗಳ ಮೂಟೆಗಾಗಿ ಹತ್ತು ತಿಂಗಳು ಮನುಷ್ಯರನ್ನು ಕುಟ್ಟಿಸುವುದಕ್ಕಿಂತ, ಒಂದು ಸಲಕ್ಕೆ ಐದೇ ಮೂಟೆ ಹೇರಿ ಎರಡು ಸಲ ಹೋಗುವುದು ಲೇಸಲ್ಲವೆ? ಅಳಿಯ ತಲೆದೂಗಿದ, ಡೀಸೆಲಿನ ಬೆಲೆಯನ್ನು ಮಾತ್ರ ಒಂದು ಬಾರಿ ನೆನಪಿಸಿದ.

ಹಳೆಯ ಪ್ಲೇಟುಗಳನ್ನೇ ಕುಲುಮೆಯಲ್ಲಿ ಕಾಯಿಸಿ, ಬಡಿದು, ಬಾಗನ್ನು ಏರಿಸಿಕೊಡುವವರೂ ಇದ್ದಾರೆ. ಇದು ಅಗ್ಗ. ಆದರೆ ಈ ಉಕ್ಕಿಗೆ ಕಾರ್ಖಾನೆಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಹದ ಕೊಟ್ಟಿರುತ್ತಾರೆ. ಕುಲುಮೆಯಲ್ಲಿ ಆ ಹದ ಕೆಟ್ಟರೆ ಪ್ಲೇಟು ಒಂದೋ ಮೆದುವಾಗಿ ಆರು ತಿಂಗಳಲ್ಲಿ ಮತ್ತೆ ಕುಸಿಯುತ್ತದೆ, ಇಲ್ಲವೇ ಪೆಡಸಾಗಿ ಮುರಿಯುತ್ತದೆ. ಗುಜರಿಯಿಂದ ತರುವ ಪ್ಲೇಟಿನ ಪೂರ್ವಾಶ್ರಮ ಯಾರಿಗೂ ತಿಳಿಯದು. ಆದ್ದರಿಂದ ಹಿಂದಿನ ಎರಡೂ ಕಡೆಗೆ ಮೂಲ ಅಳತೆಯ, ಮೂಲ ಸಂಖ್ಯೆಯ ಹೊಸ ಕಟ್ಟುಗಳನ್ನೇ ತರುವುದೆಂದು ನಿಶ್ಚಯವಾಯಿತು. ಒಂದೇ ಕಡೆ ಬದಲಿಸಿದರೆ ಹೊಸದರ ಬಾಗಿಗೂ ಹಳೆಯದರ ಬಾಗಿಗೂ ಹೊಂದಿಕೆಯಾಗದೆ ಜೀಪು ಮತ್ತೆ ಓರೆಯಾಗುತ್ತದೆ. ಮೇಸ್ತ್ರಿಗಳು ಹಳೆಯ ಮೈನ್ ಪ್ಲೇಟನ್ನು ಹೆಗಲ ಮೇಲೆ ಹೊತ್ತೇ ಅಂಗಡಿಗೆ ಹೋದರು. ಕಣ್ಣಿನಿಂದ ಕಣ್ಣಿಗೆ ಉದ್ದ, ಅಗಲ, ದಪ್ಪ, ನಡುವಿನ ತೂತಿನ ಜಾಗ ಇಷ್ಟನ್ನೂ ಎದುರಿಗಿಟ್ಟು ಹೋಲಿಸಿ, ರಸೀದಿ ಪಡೆದು ತಂದರು. ಮಾದರಿಯ ಹೆಸರು ಹೇಳಿ ಕೊಂಡುಬಂದು ಮನೆಯಲ್ಲಿ ಪೇಚಾಡುವವರನ್ನು ಅವರು ಬಹಳ ನೋಡಿದ್ದಾರಂತೆ.

ಶಾಕ್ ಅಬ್ಸಾರ್ಬರಿನ ಬಗೆಗೂ ತಪ್ಪು ತಿಳಿವಳಿಕೆ ಉಂಟು. ಅದು ಭಾರ ಹೊರುವುದಿಲ್ಲ. ಬಾಗಿದ ಪ್ಲೇಟು ಮತ್ತೆ ಮತ್ತೆ ಪುಟಿಯದಂತೆ, ಒಳಗಿನ ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ನುಗ್ಗಿಸಿ ಆ ಕುಣಿತವನ್ನು ಅಡಗಿಸುವುದಷ್ಟೇ ಅದರ ಕೆಲಸ. ಜೀಪಿನ ಮೂಲೆಯನ್ನು ಬಲವಾಗಿ ಒತ್ತಿ ಕೈಬಿಟ್ಟರೆ ಒಮ್ಮೆ ಎದ್ದು ನಿಲ್ಲಬೇಕು. ತೊಟ್ಟಿಲಿನಂತೆ ತೂಗಿದರೆ ಅದರ ಆಯುಷ್ಯ ಮುಗಿದಿದೆ. ಮೈಮೇಲೆ ಎಣ್ಣೆ ಒಸರಿದ್ದರೆ ಪರೀಕ್ಷೆಯೇ ಬೇಡ. ನಮ್ಮ ಜೀಪಿನ ನಾಲ್ಕೂ ಒಸರಿದ್ದವು. ಸಾಧಾರಣ ಎಣ್ಣೆಯವನ್ನೇ, ಮೂಲ ಉದ್ದದವನ್ನೇ ಹಾಕಿಸಿದೆವು.

ಎಲ್ಲಕ್ಕಿಂತ ಅಗ್ಗದ ವಸ್ತು ರಬ್ಬರಿನ ಬುಷ್ಷು. ನಾಲ್ಕು ಚಕ್ರಗಳ ಬುಷ್ಷು, ಪಿನ್ನು, ಶ್ಯಾಕಲ್ಲುಗಳೆಲ್ಲ ಸೇರಿ ಒಂದು ಮೂಟೆ ಕಾಫಿಯ ಬೆಲೆಗೂ ಕಡಿಮೆಯಾದವು. ಮುಂದಿನ ಪ್ಲೇಟುಗಳು ಚೆನ್ನಾಗಿಯೇ ಇದ್ದವು. ಅವುಗಳ ಕಣ್ಣಿನ ಬುಷ್ಷು ಮಾತ್ರ ಸವೆದು ಮೊಟ್ಟೆಯಾಕಾರವಾಗಿತ್ತು. ಸ್ಟೇರಿಂಗು ಅಲೆಯುತ್ತದೆಂದು ಅಳಿಯ ವರ್ಷದಿಂದ ದೂರುತ್ತಿದ್ದುದಕ್ಕೆ ಇದೂ ಒಂದು ಕಾರಣ. ಇಲ್ಲಿ ಮೇಸ್ತ್ರಿಗಳು ತೋರಿದ ಒಂದು ಸೂಕ್ಷ್ಮವನ್ನು ಓದುಗರು ಗುರುತಿಟ್ಟುಕೊಳ್ಳಬೇಕು. ಜೀಪು ಜಾಕಿನ ಮೇಲಿರುವಾಗ ಪಿನ್ನುಗಳನ್ನು ಕಡೆಯ ಬಿಗಿಗೆ ತರಬಾರದು. ಚಕ್ರಗಳು ನೆಲಕ್ಕಿಳಿದು, ಜೀಪಿನ ಭಾರ ಪ್ಲೇಟಿನ ಮೇಲೆ ಕುಳಿತ ಬಳಿಕವೇ ಬಿಗಿಯಬೇಕು. ಮೊದಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕೆಲಸ ಮುಗಿದ ಮೇಲೆ ಜೀಪನ್ನು ಕಾಫಿ ಒಣಗಿಸುವ ಸಿಮೆಂಟಿನ ಕಣದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿದು ಅಳೆದೆವು. ಆ ತೋಟದಲ್ಲಿ ಅದಕ್ಕಿಂತ ಸಮವಾದ ನೆಲ ಬೇರೊಂದಿಲ್ಲ. ಹಿಂದೆ ಎಡಬಲಗಳ ಅಂತರ ಅರ್ಧ ಬೆರಳಿನೊಳಗೆ ಬಂದಿತ್ತು. ಅಂಕೆಗಳನ್ನು ಭಾವನವರ ಹಳೆಯ ತೋಟದ ಲೆಕ್ಕದ ಪುಸ್ತಕದಲ್ಲೇ ಬರೆದಿಡಿಸಿದೆವು. ಮುಂದೆ ಕುಸಿದರೆ ಎಷ್ಟು ಕುಸಿಯಿತೆಂದು ತಿಳಿಯಬೇಕಲ್ಲ.

ನಾವು ಹೊರಡುವ ಹಿಂದಿನ ದಿನ ತಂಗಿ ಮಡಿಕೇರಿಗೆ ಜೀಪಿನಲ್ಲೇ ಹೋಗಿ ಬಂದಳು. ಹೇಗಿತ್ತೆಂದು ಕೇಳಿದರೆ, “ನಿಮ್ಮ ಭಾವ ಓಡಿಸುತ್ತಿದ್ದ ಹಾಗೆ ಇತ್ತು” ಎಂದಳು, ಮತ್ತೇನನ್ನೂ ಹೇಳಲಿಲ್ಲ. ಐನೂರು ಕಿಲೋಮೀಟರು ಓಡಿದ ಮೇಲೆ ಯು ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಸಬೇಕೆಂದು ಮೇಸ್ತ್ರಿಗಳು ಹೇಳಿದ್ದರು. ಊರಿಗೆ ಬಂದ ಮೇಲೆ ನಾವು ಎರಡು ಸಲ ಫೋನು ಮಾಡಿ ನೆನಪಿಸಿದೆವು. ಮೊನ್ನೆ ಅಳಿಯನೇ ಫೋನು ಮಾಡಿ, ಎಡಗಡೆಯ ಎರಡು ನಟ್ಟುಗಳು ಕಾಲು ಸುತ್ತು ತಿರುಗಿದವೆಂದು ತಿಳಿಸಿದ.