ಹಳೇ ಬಾಗಿಲಿಗೆ ಒಂದು ಬೋರ್ಡು ಹಾಕಿ ಸ್ವಾಮಿ

ನಮ್ಮೂರ ವಾಟ್ಸಾಪ್ ಗ್ರೂಪಿನಲ್ಲಿ ಬೆಳೆ ಪರಿಹಾರದ ಅರ್ಜಿಯ ಲಿಂಕ್ ಇತ್ತು. ಕಳೆದ ವಾರ ಒತ್ತಿದರೆ '404, ಪುಟ ಸಿಗಲಿಲ್ಲ'. ಅರ್ಜಿ ಎಲ್ಲೂ ಹೋಗಿರಲಿಲ್ಲ. ಇಲಾಖೆಯವರು ವೆಬ್‌ಸೈಟಿಗೆ ಹೊಸ ಬಣ್ಣ ಬಳಿದು ಪುಟದ ವಿಳಾಸ ಬದಲಿಸಿದ್ದರು, ಅಷ್ಟೆ.

ಕಿರಾಣಿ ಅಂಗಡಿಯವರೂ ಜಾಗ ಬದಲಿಸಿದರೆ ಹಳೇ ಬಾಗಿಲಿಗೆ ಬೋರ್ಡು ಹಾಕುತ್ತಾರೆ. ವೆಬ್‌ನಲ್ಲಿ ಆ ಬೋರ್ಡಿನ ಹೆಸರು 301: 'ಕಾಯಂ ಆಗಿ ಇಲ್ಲಿಗೆ ಬಂದಿದ್ದೇವೆ'. ಹಳೇ ಲಿಂಕ್ ಒತ್ತಿದರೂ ಫೋನು ತಾನಾಗಿ ಹೊಸ ಪುಟಕ್ಕೆ ಹೋಗುತ್ತದೆ. ಗೂಗಲ್ ಕೂಡ ಹೊಸ ವಿಳಾಸ ಹಿಡಿಯುತ್ತದೆ. ಒಂದು ಪುಟಕ್ಕೆ ಸರ್ವರ್‌ನಲ್ಲಿ ಬರೆಯಬೇಕಾದ್ದು ಒಂದು ಸಾಲು. 302 ಹಾಕಿದರೆ ಅದು ತಾತ್ಕಾಲಿಕ ಬೋರ್ಡು, ಇಲ್ಲಿಗೆ ಸಲ್ಲದು. ಎಲ್ಲ ಲಿಂಕನ್ನೂ ಮುಖಪುಟಕ್ಕೆ ತಳ್ಳುವುದಂತೂ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ 'ಮನೆ ನೀನೇ ಹುಡುಕಿಕೋ' ಅಂದ ಹಾಗೆ.

ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ ವಿಳಾಸಗಳು ಬದಲಾಗಬಾರದು ಎಂದು 1998ರಲ್ಲೇ ಬರೆದರು. 'ಸಾಫ್ಟ್‌ವೇರ್ ಬದಲಾಯ್ತು' ಎನ್ನುವುದು ಬರೀ ನೆಪ. ಆ ಒಂದು ಸಾಲು ಬರೆಯದವರಿಗೆ ಸಂಬಳ ಬರುತ್ತದೆ. ಕೂಲಿ ಬಿಟ್ಟು ಸೈಬರ್ ಸೆಂಟರಿಗೆ ಅಲೆಯುವವರು ನಾವು.

ಅಧಿಕಾರಿಗಳೇ, ಹೊಸ ವೆಬ್‌ಸೈಟಿನ ಬಿಲ್ ಪಾಸು ಮಾಡುವ ಮುಂಚೆ ಹಳೇ ಲಿಂಕುಗಳನ್ನು ಒತ್ತಿ ನೋಡಿ. ಸರಿಯಾದ ಪುಟ ತೆರೆಯದಿದ್ದರೆ ಕೆಲಸ ಮುಗಿದಿಲ್ಲ, ದುಡ್ಡು ಕೊಡಬೇಡಿ.